ವೀಸಾ ಸಿಕ್ಕಿದ ಮೇಲಿನ ಆರು ತಿಂಗಳು: ಉನ್ನತ ಶಿಕ್ಷಣ ಸಚಿವರಿಗೆ, ಕುಲಪತಿಗಳಿಗೆ ಒಂದು ಬಹಿರಂಗ ಪತ್ರ

ಮಾನ್ಯ ಉನ್ನತ ಶಿಕ್ಷಣ ಸಚಿವರೇ, ರಾಜ್ಯದ ವಿಶ್ವವಿದ್ಯಾಲಯಗಳ ಕುಲಪತಿಗಳೇ, ಮೌಲ್ಯಮಾಪನ ಕುಲಸಚಿವರೇ,

ಬಿಇ ಅಥವಾ ಬಿಎಸ್ಸಿ ಮುಗಿಸಿ ಜರ್ಮನಿಗೆ ಮಾಸ್ಟರ್ಸ್ ಓದಲು ಹೊರಡುವುದು ಈಗ ಬೆಂಗಳೂರಿನ ಶ್ರೀಮಂತರ ಮನೆಗಳಿಗಷ್ಟೇ ಸೀಮಿತವಾಗಿಲ್ಲ. ದಾವಣಗೆರೆ, ಕಲಬುರಗಿ, ಪುತ್ತೂರಿನಿಂದಲೂ ಮಕ್ಕಳು ಸಾಲ ಮಾಡಿ ಹೊರಡುತ್ತಾರೆ. ಅಲ್ಲಿನ ಹೆಚ್ಚಿನ ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವಿಲ್ಲ, ಓದು ಮುಗಿದ ಮೇಲೆ ಕೆಲಸ ಹುಡುಕಿಕೊಳ್ಳಲು 18 ತಿಂಗಳ ಪರವಾನಗಿ ಸಿಗುತ್ತದೆ. ಇಷ್ಟು ಸಾಕು, ಮನೆಯವರು ಒಪ್ಪುತ್ತಾರೆ.

ಇವರನ್ನು ತಯಾರು ಮಾಡುವ ಕೆಲಸವನ್ನು ಮಾತ್ರ ನಮ್ಮ ರಾಜ್ಯ ಪೂರ್ತಿಯಾಗಿ ಏಜೆಂಟರ ಕೈಗೆ ಬಿಟ್ಟುಬಿಟ್ಟಿದೆ. ಪಾಸ್‌ಪೋರ್ಟಿಗೆ ವೀಸಾ ಅಂಟಿದ ದಿನ ಏಜೆಂಟರ ಕೆಲಸ ಮುಗಿಯಿತು. ಹುಡುಗರು ಎಡವುವುದು ಅದಾದ ಮೇಲಿನ ಆರು ತಿಂಗಳಲ್ಲಿ. ಎಲ್ಲೆಲ್ಲಿ ಎಡವುತ್ತಾರೆ ಎಂಬುದು ಗೊತ್ತಿರುವ ಸಂಗತಿ, ಮೊದಲೇ ಹೇಳಿಕೊಡಬಹುದಾದದ್ದು. ಕೆಲವು ತೊಂದರೆಗಳಂತೂ ನಿಮ್ಮ ಕಚೇರಿಗಳಲ್ಲೇ, ನೀವು ಮುದ್ರಿಸಿ ಕೊಡುವ ಅಂಕಪಟ್ಟಿಯಲ್ಲೇ ಶುರುವಾಗುತ್ತವೆ. ಆದ್ದರಿಂದ ಅಲ್ಲಿಂದಲೇ ಹೇಳುತ್ತೇವೆ.

ಜರ್ಮನಿಯಲ್ಲಿ 1.0 ಅತ್ಯುತ್ತಮ ಶ್ರೇಣಿ, 4.0 ಪಾಸಿನ ಅಂಚು, 5.0 ಎಂದರೆ ಫೇಲು. ನಮ್ಮ ಅಂಕಗಳನ್ನು ಈ ಲೆಕ್ಕಕ್ಕೆ ತಿರುಗಿಸಲು ಅಲ್ಲಿನವರು ಮಾರ್ಪಡಿಸಿದ ಬವೇರಿಯನ್ ಸೂತ್ರ ಬಳಸುತ್ತಾರೆ. ಗರಿಷ್ಠ ಅಂಕದಿಂದ ವಿದ್ಯಾರ್ಥಿಯ ಅಂಕ ಕಳೆಯಬೇಕು. ಗರಿಷ್ಠದಿಂದ ಪಾಸಾಗಲು ಬೇಕಾದ ಕನಿಷ್ಠವನ್ನೂ ಕಳೆಯಬೇಕು. ಮೊದಲ ಉತ್ತರವನ್ನು ಎರಡನೆಯದರಿಂದ ಭಾಗಿಸಿ, 3ರಿಂದ ಗುಣಿಸಿ, 1 ಕೂಡಿಸಿದರೆ ಜರ್ಮನ್ ಶ್ರೇಣಿ. ಈ ಲೆಕ್ಕದಲ್ಲಿ ಪಾಸಿನ ಕನಿಷ್ಠ ಅಂಕ ಎಷ್ಟೆಂಬುದು ಹಣೆಬರಹ ಬರೆಯುತ್ತದೆ. ಶೇ 70 ತೆಗೆದವರಿಗೆ ಪಾಸಿನ ಅಂಕ 40 ಎಂದು ಹಿಡಿದರೆ 2.5 ಬರುತ್ತದೆ, 50 ಎಂದು ಹಿಡಿದರೆ 2.8. '2.5ರೊಳಗೆ ಇರಬೇಕು' ಎಂಬುದು ಅಲ್ಲಿನ ಕೋರ್ಸ್‌ಗಳಲ್ಲಿ ತೀರ ಸಾಮಾನ್ಯವಾದ ಷರತ್ತು. ಅಂದರೆ ಒಬ್ಬರೇ ವಿದ್ಯಾರ್ಥಿ, ಒಂದೇ ಅಂಕ. ಒಂದು ಲೆಕ್ಕದಲ್ಲಿ ಒಳಗೆ, ಇನ್ನೊಂದರಲ್ಲಿ ಹೊರಗೆ. ಸಿಜಿಪಿಎ ಇದ್ದರೂ ಕಥೆ ಇದೇ: 10ಕ್ಕೆ 8.0 ಇದ್ದವರಿಗೆ ಪಾಸಿನ ಕನಿಷ್ಠ 4 ಆದರೆ 2.0, ಅದೇ 5 ಆದರೆ 2.2.

ಪಾಸಿನ ಕನಿಷ್ಠ ಯಾವುದು ಎಂಬುದು ಟ್ರಾನ್ಸ್‌ಕ್ರಿಪ್ಟಿನ (ಎಲ್ಲ ಸೆಮಿಸ್ಟರ್ ಸೇರಿದ ಅಧಿಕೃತ ಅಂಕಪಟ್ಟಿ) ಮೇಲೆ ಎದ್ದು ಕಾಣುವಂತೆ ಇರದಿದ್ದರೆ ಅಲ್ಲಿನ ಗುಮಾಸ್ತರು ತಮಗೆ ತಿಳಿದದ್ದನ್ನು ಹಿಡಿಯುತ್ತಾರೆ. ವಿಷಯವಾರು ಪಾಸಿನ ಅಂಕ ಒಂದು, ಒಟ್ಟು ಸರಾಸರಿಗೆ ಬೇಕಾದ ಕನಿಷ್ಠ ಇನ್ನೊಂದು, ಎರಡೂ ಹಾಳೆಯ ಹಿಂಬದಿಯಲ್ಲಿ ಸಣ್ಣಕ್ಷರದಲ್ಲಿ; ಸ್ಕ್ಯಾನ್ ಮಾಡುವಾಗ ಹಿಂಬದಿಯನ್ನೇ ಬಿಟ್ಟವರು ಎಷ್ಟೋ ಮಂದಿ. ನಾವು ಕೇಳುವುದು ಇಷ್ಟೇ: ಟ್ರಾನ್ಸ್‌ಕ್ರಿಪ್ಟಿನ ಮುಂಬದಿಯಲ್ಲಿ, ಸಿಜಿಪಿಎ ಕೆಳಗೇ, 'ಗರಿಷ್ಠ ಇಷ್ಟು, ಪದವಿಗೆ ಬೇಕಾದ ಕನಿಷ್ಠ ಇಷ್ಟು' ಎಂದು ಎರಡು ಸಾಲು ಇಂಗ್ಲಿಷಿನಲ್ಲಿ ಮುದ್ರಿಸಿ. ಇದಕ್ಕೆ ಸಿಂಡಿಕೇಟ್ ಸಭೆ ಬೇಕೋ ಬೇಡವೋ ನೀವೇ ಬಲ್ಲಿರಿ, ಖರ್ಚಂತೂ ಇಲ್ಲ.

ಎರಡನೆಯದು ಪಠ್ಯಕ್ರಮ. ಅಲ್ಲಿ ಪ್ರವೇಶ ನಿರ್ಧಾರವಾಗುವುದು ಪದವಿಯ ಹೆಸರಿನಿಂದಲ್ಲ, ಓದಿದ ವಿಷಯಗಳಿಂದ. ಗಣಿತದಲ್ಲಿ ಇಷ್ಟು ಕ್ರೆಡಿಟ್, ಕಂಟ್ರೋಲ್ ಎಂಜಿನಿಯರಿಂಗಿನಲ್ಲಿ ಇಷ್ಟು ಎಂದು ಕೇಳುತ್ತಾರೆ. ಯುರೋಪಿನಲ್ಲಿ ಓದನ್ನು ಅಳೆಯುವ ಇಸಿಟಿಎಸ್ ಪದ್ಧತಿಯ ಒಂದು ಕ್ರೆಡಿಟ್ ಎಂದರೆ ತರಗತಿ, ಮನೆಪಾಠ, ಪರೀಕ್ಷೆಯ ತಯಾರಿ ಎಲ್ಲ ಸೇರಿ 25ರಿಂದ 30 ಗಂಟೆಯ ದುಡಿಮೆ. ನಮ್ಮ ಕ್ರೆಡಿಟ್ ಎಣಿಸುವುದು ವಾರದ ತರಗತಿ ಗಂಟೆಗಳನ್ನು. ಎರಡಕ್ಕೂ ಸೇತುವೆ ಕಟ್ಟಬೇಕಾದರೆ ಪ್ರತಿ ವಿಷಯದ ಒಟ್ಟು ಗಂಟೆ, ಘಟಕವಾರು ವಿವರ, ಪ್ರಯೋಗಾಲಯದ ಗಂಟೆ ಒಂದೇ ಕಡತದಲ್ಲಿ ಸಿಗಬೇಕು. 'ಎಂಜಿನಿಯರಿಂಗ್ ಗಣಿತ 3' ಎಂಬ ಹೆಸರು ನೋಡಿ ಮ್ಯೂನಿಕ್ಕಿನ ಪ್ರಾಧ್ಯಾಪಕರಿಗೆ ಏನೂ ತಿಳಿಯುವುದಿಲ್ಲ. ಒಳಗೆ ಫೋರಿಯರ್ ಸರಣಿ ಇದೆಯೇ, ಸಂಭವನೀಯತೆ ಇದೆಯೇ ಎಂಬುದು ಅವರಿಗೆ ಬೇಕು. ಸ್ಕೀಮ್, ಅಂದರೆ ಪಠ್ಯಕ್ರಮದ ಆವೃತ್ತಿ, ಬದಲಾದಾಗ ಹಳೆಯ ಪಠ್ಯಕ್ರಮವನ್ನು ಜಾಲತಾಣದಿಂದ ತೆಗೆದುಹಾಕುವ ಅಭ್ಯಾಸ ನಿಲ್ಲಲಿ. ಪ್ರತಿ ಸ್ಕೀಮಿಗೂ ಒಂದು ಶಾಶ್ವತ ಕೊಂಡಿ ಇರಲಿ.

ಮೂರನೆಯದು ಹೆಸರು. ಇದು ಕರ್ನಾಟಕದ ಮಕ್ಕಳಿಗೆ ವಿಶೇಷವಾಗಿ ಕಾಡುವ ತೊಡಕು. ಎಸ್ಸೆಸ್ಸೆಲ್ಸಿಯಲ್ಲಿ 'ಮಂಜುನಾಥ ಕೆ.ಎಸ್.', ಪಿಯುಸಿಯಲ್ಲಿ 'ಕೆ.ಎಸ್. ಮಂಜುನಾಥ', ಪಾಸ್‌ಪೋರ್ಟಿನಲ್ಲಿ ಊರು ಮತ್ತು ತಂದೆಯ ಹೆಸರು ಬಿಡಿಸಿದ ಮೂರು ಪದ; ಇಲ್ಲವೇ ಬರೀ 'ಮಂಜುನಾಥ', ಕುಟುಂಬನಾಮದ ಜಾಗ ಖಾಲಿ. ಅಲ್ಲಿನ ಅರ್ಜಿಗಳಲ್ಲಿ ಕುಟುಂಬನಾಮವಿಲ್ಲದೆ ಮುಂದಕ್ಕೆ ಹೋಗಲು ಬಿಡುವುದಿಲ್ಲ. ವಿಶ್ವವಿದ್ಯಾಲಯ ಒಂದು ಹೆಸರು ಹಿಡಿಯುತ್ತದೆ, ಬ್ಯಾಂಕು ಇನ್ನೊಂದು, ವಿಮಾ ಕಂಪನಿ ಮತ್ತೊಂದು. ವಿಮೆಯ ದಾಖಲೆ ವಿಶ್ವವಿದ್ಯಾಲಯದ ಕಡತಕ್ಕೆ ಹೊಂದುವುದಿಲ್ಲ, ನೋಂದಣಿ ನಿಲ್ಲುತ್ತದೆ. ಪಾಸ್‌ಪೋರ್ಟ್ ಮಾಡಿಸುವಾಗಲೇ ಇನಿಷಿಯಲ್ ಬಿಡಿಸಿ ಎರಡೂ ಖಾನೆ ತುಂಬಿಸಬೇಕೆಂದು ಐದನೇ ಸೆಮಿಸ್ಟರಿನಲ್ಲೇ ಕಾಲೇಜು ಹೇಳಬೇಕು. ಪಾಸ್‌ಪೋರ್ಟಿನಲ್ಲಿರುವ ಹೆಸರೂ ಅಂಕಪಟ್ಟಿಯ ಹೆಸರೂ ಒಬ್ಬರದೇ ಎಂಬ ಒಂದು ಹಾಳೆಯ ಪ್ರಮಾಣಪತ್ರವನ್ನು ವಿಶ್ವವಿದ್ಯಾಲಯವೇ ಕೊಟ್ಟರೆ ನೋಟರಿ ಅಫಿಡವಿಟ್ಟಿಗಿಂತ ಅದಕ್ಕೆ ಬೆಲೆ ಹೆಚ್ಚು.

ಇನ್ನು ಕಾಲ. ಚಳಿಗಾಲದ ಸೆಮಿಸ್ಟರ್ ಅಕ್ಟೋಬರ್ 1ಕ್ಕೆ ಶುರು. ಅರ್ಜಿಯ ಕೊನೆಯ ದಿನ ಹಲವು ಕಡೆ ಜುಲೈ 15. ವಿದೇಶಿ ವಿದ್ಯಾರ್ಥಿಗಳಿಗೆ ಎಷ್ಟೋ ಕಡೆ ಮೇ ಅಥವಾ ಮಾರ್ಚ್. 2022ರ ನವೆಂಬರ್ 1ರಿಂದ ಭಾರತದ ವಿದ್ಯಾರ್ಥಿಗಳಿಗೆ ವೀಸಾಕ್ಕೆ, ಓದಿನ ದಾಖಲೆಗಳು ಅಸಲಿ ಎಂದು ಪರಿಶೀಲಿಸಿ ಕೊಡುವ ಎಪಿಎಸ್ ಪ್ರಮಾಣಪತ್ರವೂ ಕಡ್ಡಾಯ. ಶುಲ್ಕ 18,000 ರೂಪಾಯಿ, ಸಮಯ ವಾರಗಟ್ಟಲೆ. ಕೊನೆಯ ಸೆಮಿಸ್ಟರ್ ಫಲಿತಾಂಶ ತಡವಾದರೆ, ಮರುಮೌಲ್ಯಮಾಪನ ಇನ್ನೂ ತಡವಾದರೆ, ಇಡೀ ಸರಪಳಿ ಹಿಂದಕ್ಕೆ ಬೀಳುತ್ತದೆ. ನವೆಂಬರ್ ಮಧ್ಯದಲ್ಲಿ ತಲುಪಿದವರು ಒಂದು ತಿಂಗಳ ಪಾಠವನ್ನಷ್ಟೇ ಕಳೆದುಕೊಂಡಿರುವುದಿಲ್ಲ, ವಿದ್ಯಾರ್ಥಿ ನಿಲಯದ ಕೋಣೆಯೂ ಕೈತಪ್ಪಿರುತ್ತದೆ.

ಏಜೆಂಟರ ಬಗ್ಗೆ ಒಂದು ಮಾತು, ಬೈಯಲು ಅಲ್ಲ. ಅವರಿಗೆ ಕಮಿಷನ್ ಕೊಡುವುದು ಖಾಸಗಿ ವಿಶ್ವವಿದ್ಯಾಲಯಗಳು. ಸರ್ಕಾರಿ ವಿಶ್ವವಿದ್ಯಾಲಯಗಳು ಕೊಡುವುದಿಲ್ಲ. ಆದ್ದರಿಂದ ಸಲಹೆ ಯಾವ ಕಡೆ ವಾಲುತ್ತದೆ ಎಂದು ಊಹಿಸುವುದು ಕಷ್ಟವಲ್ಲ. ಕೆಲವು ಖಾಸಗಿ ಕೋರ್ಸ್‌ಗಳಲ್ಲಿ ಅರ್ಧ ಪಾಠ ಆನ್‌ಲೈನ್. 2025ರಲ್ಲಿ ಬರ್ಲಿನ್ನಿನಲ್ಲಿ ಇಂಥ ಕೋರ್ಸಿಗೆ ಸೇರಿದ್ದ ಭಾರತೀಯರಿಗೆ, ಆನ್‌ಲೈನ್ ಓದಿಗೆ ಇಲ್ಲಿ ನೆಲೆಸಬೇಕಿಲ್ಲ ಎಂದು ಅಧಿಕಾರಿಗಳು ಪರವಾನಗಿ ನಿರಾಕರಿಸಿದರು. ಸರ್ಕಾರಿ ಎಂದರೆ ಎಲ್ಲೆಡೆ ಉಚಿತ ಎಂಬುದೂ ಈಗ ಪೂರ್ತಿ ನಿಜವಲ್ಲ. ಬಾಡೆನ್-ವ್ಯುರ್ಟೆಂಬರ್ಗ್ ರಾಜ್ಯದಲ್ಲಿ ನಮ್ಮವರಿಗೆ ಸೆಮಿಸ್ಟರಿಗೆ 1,500 ಯೂರೊ ಶುಲ್ಕವಿದೆ; ಮ್ಯೂನಿಕ್ ತಾಂತ್ರಿಕ ವಿಶ್ವವಿದ್ಯಾಲಯ 2024ರ ಚಳಿಗಾಲದಿಂದ ಮಾಸ್ಟರ್ಸ್‌ಗೆ ಸೆಮಿಸ್ಟರಿಗೆ 4,000ದಿಂದ 6,000 ಯೂರೊ ತೆಗೆದುಕೊಳ್ಳುತ್ತದೆ.

ದುಡ್ಡಿನ ವಿಷಯದಲ್ಲಿ ಎಲ್ಲರಿಗೂ ಬ್ಲಾಕ್ಡ್ ಅಕೌಂಟ್ ಗೊತ್ತು: ಅಲ್ಲಿನ ಖರ್ಚಿಗೆ ಹಣವಿದೆ ಎಂದು ವೀಸಾಕ್ಕೆ ತೋರಿಸಲು ಮೊದಲೇ ದುಡ್ಡು ತುಂಬಿಡುವ ಖಾತೆ. 2024ರ ಸೆಪ್ಟೆಂಬರಿನಿಂದ ವರ್ಷಕ್ಕೆ 11,904 ಯೂರೊ ಇಡಬೇಕು, ತಿಂಗಳಿಗೆ 992ರಂತೆ ವಾಪಸು ಸಿಗುತ್ತದೆ. ಹೆಚ್ಚಿನವರಿಗೆ ಗೊತ್ತಿಲ್ಲದ್ದು, ಮೊದಲ ಕಂತು ವಿಮಾನ ಇಳಿದ ಕೂಡಲೇ ಕೈಗೆ ಬರುವುದಿಲ್ಲ ಎಂಬುದು. ಅಲ್ಲಿ ಚಾಲ್ತಿ ಖಾತೆ ತೆರೆಯಬೇಕು, ಅದರ ವಿವರ ಕೊಟ್ಟು ಬ್ಲಾಕ್ಡ್ ಅಕೌಂಟ್ ಸಕ್ರಿಯಗೊಳಿಸಬೇಕು. ಕೆಲವರು ವಿಳಾಸ ನೋಂದಣಿಯ ಚೀಟಿಯನ್ನೂ ಕೇಳುತ್ತಾರೆ. ನಾಲ್ಕರಿಂದ ಆರು ವಾರ ಹಿಡಿಯುವುದು ಅಪರೂಪವಲ್ಲ. ಅದೇ ಹೊತ್ತಿಗೆ ಬಾಡಿಗೆ ಮುಂಗಡ, ಮೊದಲ ತಿಂಗಳ ಬಾಡಿಗೆ, ಸೆಮಿಸ್ಟರ್ ವಂತಿಗೆ, ಆರೋಗ್ಯ ವಿಮೆ ಎಲ್ಲವೂ ಒಟ್ಟಿಗೆ ಬಂದು ನಿಲ್ಲುತ್ತವೆ. ಮುಂಗಡ ಅಲ್ಲಿನ ಕಾನೂನಿನ ಪ್ರಕಾರ ಮೂರು ತಿಂಗಳ ಮೂಲ ಬಾಡಿಗೆಯವರೆಗೆ ಇರಬಹುದು. ಮೂಲ ಬಾಡಿಗೆಗೆ ಮನೆ ಬೆಚ್ಚಗಿಡುವ ಖರ್ಚು, ನೀರಿನ ಖರ್ಚು ಸೇರಿಲ್ಲ. ಜಾಹೀರಾತಿನಲ್ಲಿ 'ಕಾಲ್ಟ್' ಎಂದಿದ್ದರೆ ಅದು, 'ವಾರ್ಮ್' ಎಂದಿದ್ದರೆ ಎಲ್ಲ ಸೇರಿ. ಬ್ಲಾಕ್ಡ್ ಅಕೌಂಟ್ ಬಿಟ್ಟು 2,000ದಿಂದ 2,500 ಯೂರೊ ಬೇರೆಯಾಗಿ ಕೈಯಲ್ಲಿರಬೇಕು. ಶಿಕ್ಷಣ ಸಾಲದ ಮೊದಲ ಕಂತಿನಲ್ಲಿ ಬ್ಯಾಂಕುಗಳು ಈ ಮೊತ್ತವನ್ನು ಲೆಕ್ಕಕ್ಕೇ ಹಿಡಿಯುವುದಿಲ್ಲ. ರಾಜ್ಯಮಟ್ಟದ ಬ್ಯಾಂಕರ್ಸ್ ಸಮಿತಿಯ ಸಭೆಯಲ್ಲಿ ಸಚಿವರು ಇದನ್ನೊಮ್ಮೆ ಎತ್ತಬೇಕು.

ವಿಮೆಯಲ್ಲಿ ಒಂದು ಬಲೆ ಇದೆ. 30 ವರ್ಷದೊಳಗಿನ ವಿದ್ಯಾರ್ಥಿಗಳಿಗೆ ಸಾರ್ವಜನಿಕ ಆರೋಗ್ಯ ವಿಮೆ ತಿಂಗಳಿಗೆ ಸುಮಾರು 150 ಯೂರೊ. ಅಗ್ಗವಾಯಿತೆಂದು ಶುರುವಿನಲ್ಲೇ ಖಾಸಗಿ ವಿಮೆಗೆ ಸಹಿ ಹಾಕಿ ವಿನಾಯಿತಿ ತೆಗೆದುಕೊಂಡರೆ ಓದು ಮುಗಿಯುವವರೆಗೂ ಸಾರ್ವಜನಿಕ ವಿಮೆಗೆ ಮರಳಲು ಆಗುವುದಿಲ್ಲ. ವೀಸಾಕ್ಕಾಗಿ ಕೊಂಡ ಪ್ರವಾಸಿ ವಿಮೆಯಿಂದ ವಿಶ್ವವಿದ್ಯಾಲಯದ ನೋಂದಣಿಯೂ ಆಗುವುದಿಲ್ಲ.

ಮನೆ ಸಿಕ್ಕಿದ ಎರಡು ವಾರದೊಳಗೆ ಊರಿನ ನಾಗರಿಕ ಕಚೇರಿಯಲ್ಲಿ ವಿಳಾಸ ನೋಂದಾಯಿಸಬೇಕು. ಇದೇ 'ಆನ್‌ಮೆಲ್ಡುಂಗ್'. ಇದಕ್ಕೆ ಮನೆಮಾಲೀಕರ ಸಹಿ ಇರುವ ದೃಢೀಕರಣ ಚೀಟಿ ಬೇಕು. ಬಾಡಿಗೆ ಕರಾರು ಒಂದೇ ಸಾಲದು. ಅಗ್ಗದ ಕೋಣೆ ಎಂದು ಯಾರದೋ ಒಳಬಾಡಿಗೆಗೆ ಹೋದವರಿಗೆ ಈ ಚೀಟಿ ಸಿಗದೆ ಎಲ್ಲವೂ ನಿಲ್ಲುತ್ತದೆ: ತೆರಿಗೆ ಸಂಖ್ಯೆ ಬರುವುದಿಲ್ಲ, ತೆರಿಗೆ ಸಂಖ್ಯೆಯಿಲ್ಲದೆ ಸಂಬಳ ಸರಿಯಾಗುವುದಿಲ್ಲ, ನಿವಾಸ ಪರವಾನಗಿಯ ಅರ್ಜಿ ಮುಂದಕ್ಕೆ ಹೋಗುವುದಿಲ್ಲ. ಕೋಣೆ ನೋಡುವಾಗ ಬಾಡಿಗೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ 'ಇಲ್ಲಿ ಆನ್‌ಮೆಲ್ಡುಂಗ್ ಆಗುತ್ತದೆಯೇ' ಎಂಬುದೇ. ಮಾಲೀಕರು ವಿದೇಶದಲ್ಲಿದ್ದಾರೆ, ಮುಂಗಡ ಹಾಕಿ, ಕೀಲಿ ಕೊರಿಯರಿನಲ್ಲಿ ಬರುತ್ತದೆ ಎಂದು ಯಾರಾದರೂ ಬರೆದರೆ ಅದು ಮೋಸವೇ. ಅಂಚೆಪೆಟ್ಟಿಗೆಯ ಮೇಲೆ ತಮ್ಮ ಹೆಸರಿನ ಚೀಟಿ ಅಂಟಿಸಬೇಕು ಎಂಬ ಸಣ್ಣ ಸಂಗತಿಯನ್ನೂ ಹೇಳಿ ಕಳುಹಿಸಿ. ಹೆಸರಿಲ್ಲದ ಪೆಟ್ಟಿಗೆಗೆ ಅಂಚೆಯವರು ಪತ್ರ ಹಾಕುವುದಿಲ್ಲ, ವಾಪಸು ಕಳಿಸುತ್ತಾರೆ. ಅಲ್ಲಿ ಇವತ್ತಿಗೂ ಬ್ಯಾಂಕಿನ ಪಿನ್ನು, ತೆರಿಗೆ ಸಂಖ್ಯೆ, ವಿಮೆಯ ಕಾರ್ಡು ಎಲ್ಲ ಅಂಚೆಯಲ್ಲೇ ಬರುವುದು.

ಬಂದ ಪತ್ರವನ್ನು ಜರ್ಮನ್ ಅರ್ಥವಾಗಲಿಲ್ಲವೆಂದು ಮೂಲೆಗಿಡುವುದು ನಮ್ಮವರ ಇನ್ನೊಂದು ದುಬಾರಿ ಅಭ್ಯಾಸ. ರೇಡಿಯೊ-ಟಿವಿ ವಂತಿಗೆ ಮನೆಗೊಂದು, ತಿಂಗಳಿಗೆ 18.36 ಯೂರೊ. ಟಿವಿ ಇಲ್ಲ ಎಂದರೆ ನಡೆಯುವುದಿಲ್ಲ, ಆದರೆ ನಾಲ್ವರು ಒಂದೇ ಮನೆಯಲ್ಲಿದ್ದರೆ ಒಬ್ಬರು ಕಟ್ಟಿ ಉಳಿದವರು ಹಂಚಿಕೊಳ್ಳಬಹುದು. ಟೊರೆಂಟಿನಲ್ಲಿ ಹೊಸ ಸಿನಿಮಾ ಇಳಿಸಿಕೊಂಡವರಿಗೆ ಹಕ್ಕುದಾರರ ವಕೀಲರಿಂದ ನೂರಾರು ಯೂರೊ ಕೇಳುವ ನೋಟಿಸು ಬರುತ್ತದೆ. ಊರಲ್ಲಿ ಯಾರೂ ಕೇಳದ ಕೆಲಸ, ಅಲ್ಲಿ ಎರಡು ತಿಂಗಳ ಊಟದ ಖರ್ಚು.

ಈಗ ತರಗತಿಗೆ ಬರೋಣ. ಹೆಚ್ಚು ಮಂದಿ ನಿಜವಾಗಿ ಕುಸಿಯುವುದು ಇಲ್ಲೇ, ಮತ್ತು ಇದನ್ನು ಯಾವ ಏಜೆಂಟರೂ ಹೇಳುವುದಿಲ್ಲ.

ವಿಟಿಯು ಪ್ರಶ್ನೆಪತ್ರಿಕೆಯ ಅಚ್ಚು ನಿಮಗೆ ಗೊತ್ತು: ಐದು ಮಾಡ್ಯೂಲು, ಒಂದೊಂದರಲ್ಲಿ ಎರಡು ಪೂರ್ಣ ಪ್ರಶ್ನೆ, ಯಾವುದಾದರೂ ಒಂದಕ್ಕೆ ಉತ್ತರ. ಒಟ್ಟು ಅಂಕದಲ್ಲಿ ಅರ್ಧದಷ್ಟು ಇಂಟರ್ನಲ್ಸಿನಿಂದ. ಹಳೆಯ ಪತ್ರಿಕೆಗಳನ್ನು ತಿರುವಿ ಹಾಕಿದರೆ ಪಾಸಾಗಲು ತೊಂದರೆಯಿಲ್ಲ. ಜರ್ಮನಿಯಲ್ಲಿ ಹೆಚ್ಚಿನ ವಿಷಯಗಳಿಗೆ ಒಂದೇ ಪರೀಕ್ಷೆ, ಸಾಮಾನ್ಯವಾಗಿ 90ರಿಂದ 120 ನಿಮಿಷ, ಇಡೀ ಶ್ರೇಣಿ ಅದರ ಮೇಲೆ. ಆಯ್ಕೆ ಇರುವುದಿಲ್ಲ. ವ್ಯಾಖ್ಯೆ ಬರೆಯಿರಿ, ನೀಟಾದ ಚಿತ್ರ ಬಿಡಿಸಿ ಎಂಬ ಪ್ರಶ್ನೆ ಕಡಿಮೆ. ಹಿಂದೆಂದೂ ನೋಡಿರದ ಸಮಸ್ಯೆಗೆ ಕಲಿತದ್ದನ್ನು ಹಚ್ಚಬೇಕು. ವಾರವಾರ ಕೊಡುವ ಅಭ್ಯಾಸ ಹಾಳೆಗಳಿಗೆ ಹಲವು ಕಡೆ ಅಂಕವಿಲ್ಲ, ಹಾಜರಾತಿಯೂ ಇಲ್ಲ. ಹಾಜರಾತಿ ಇಲ್ಲವೆಂದ ಮೇಲೆ ಹೋಗುವುದೇಕೆ ಎಂದು ಅರೆಕಾಲಿಕ ಕೆಲಸಕ್ಕೆ ಹೊರಟವರು ಫೆಬ್ರುವರಿಯಲ್ಲಿ ಫೇಲಾಗುತ್ತಾರೆ. ಪರೀಕ್ಷೆ ಬರುವುದು ಆ ಹಾಳೆಗಳ ದಾರಿಯಲ್ಲೇ.

ಪರೀಕ್ಷೆಗೆ ನೋಂದಣಿ ತಾನಾಗಿ ಆಗುವುದಿಲ್ಲ. ಪೋರ್ಟಲಿನಲ್ಲಿ ಕೆಲವೇ ವಾರ ತೆರೆದಿರುವ ಅವಧಿಯಲ್ಲಿ ಪ್ರತಿ ವಿಷಯಕ್ಕೂ ಹೆಸರು ಕೊಡಬೇಕು. ತಪ್ಪಿದರೆ ಆ ಸೆಮಿಸ್ಟರಿನಲ್ಲಿ ಬರೆಯುವಂತಿಲ್ಲ. ದಂಡ ಕಟ್ಟಿ ಸೇರಿಸಿಕೊಳ್ಳುವ ನಮ್ಮೂರ ಪದ್ಧತಿ ಅಲ್ಲಿಲ್ಲ. ಹೆಸರು ಕೊಟ್ಟು, ಹಿಂತೆಗೆಯುವ ಗಡುವೂ ದಾಟಿ, ಪರೀಕ್ಷೆಗೆ ಹೋಗದಿದ್ದರೆ 5.0. ಕಾಯಿಲೆ ಬಿದ್ದರೆ ಕೂಡಲೇ ವೈದ್ಯರ ಚೀಟಿ ತಂದು ಪರೀಕ್ಷಾ ಕಚೇರಿಗೆ ಕೊಡಬೇಕು, ವಾರದ ನಂತರದ ಚೀಟಿ ನಡೆಯುವುದಿಲ್ಲ. ಸಾಮಾನ್ಯವಾಗಿ ಒಂದು ವಿಷಯಕ್ಕೆ ಮೂರು ಅವಕಾಶ. ಕಡ್ಡಾಯ ವಿಷಯದಲ್ಲಿ ಮೂರನೆಯದೂ ಹೋದರೆ ವಿಶ್ವವಿದ್ಯಾಲಯದಿಂದ ಹೆಸರು ತೆಗೆಯುತ್ತಾರೆ. ಅದೇ ಕೋರ್ಸನ್ನು ಜರ್ಮನಿಯ ಬೇರೆ ವಿಶ್ವವಿದ್ಯಾಲಯದಲ್ಲೂ ಮುಂದುವರಿಸಲು ಬಿಡುವುದಿಲ್ಲ, ನಿವಾಸ ಪರವಾನಗಿಯ ಆಧಾರವೂ ಹೋಗುತ್ತದೆ. ಎಷ್ಟು ಬ್ಯಾಕ್‌ಲಾಗ್ ಇದ್ದರೂ ಮುಂದೊಂದು ದಿನ ತೆಗೆದುಬಿಡೋಣ ಎಂಬ ನಂಬಿಕೆಯಲ್ಲಿ ನಾಲ್ಕು ವರ್ಷ ಕಳೆದವರಿಗೆ ಈ ನಿಯಮ ಅರ್ಥವಾಗುವ ಹೊತ್ತಿಗೆ ಎರಡು ಅವಕಾಶ ಮುಗಿದಿರುತ್ತವೆ. ಪ್ರತಿ ಕೋರ್ಸಿನ ಪರೀಕ್ಷಾ ನಿಯಮಾವಳಿ ಜಾಲತಾಣದಲ್ಲೇ ಇರುತ್ತದೆ. ಮೊದಲ ವಾರ ಅದನ್ನು ಓದಿಸಬೇಕು.

ಫಲಿತಾಂಶ ಬಂದ ಮೇಲೆ ಉತ್ತರಪತ್ರಿಕೆ ನೋಡುವ ದಿನವೊಂದಿದೆ. ಶುಲ್ಕವಿಲ್ಲ. ತಿದ್ದಿದವರ ಎದುರೇ ಕೂತು ಈ ಹೆಜ್ಜೆಗೆ ಅಂಕ ಏಕಿಲ್ಲ ಎಂದು ಕೇಳಬಹುದು, ಕೆಲವೊಮ್ಮೆ ಅಂಕ ಏರುವುದೂ ಉಂಟು. ಫೋಟೊಕಾಪಿಗೆ, ಮರುಮೌಲ್ಯಮಾಪನಕ್ಕೆ ಬೇರೆ ಬೇರೆ ದುಡ್ಡು ಕಟ್ಟಿ ಅಭ್ಯಾಸವಾದ ನಮ್ಮ ಹುಡುಗರು ಇದು ತಮಗಲ್ಲವೆಂದು ಹೋಗುವುದೇ ಇಲ್ಲ. ಪ್ರಶ್ನಿಸಿದರೆ ಮೇಷ್ಟ್ರು ಮುನಿಸಿಕೊಳ್ಳುತ್ತಾರೆ ಎಂಬ ಭಯವನ್ನು ಇಲ್ಲಿಂದಲೇ ಕಟ್ಟಿಕೊಂಡು ಹೋಗಿರುತ್ತಾರೆ. ಅದಕ್ಕೆ ಅವರೊಬ್ಬರೇ ಹೊಣೆಯಲ್ಲ.

ನಕಲಿನ ಬಗ್ಗೆ ಹೇಳಲೇಬೇಕು. ಸೀನಿಯರ್ ರೆಕಾರ್ಡ್ ಪುಸ್ತಕ ನೋಡಿ ಬರೆಯುವುದು, ಪ್ರಾಜೆಕ್ಟ್ ವರದಿಯನ್ನು ಸಿದ್ಧವಾಗಿ ಕೊಳ್ಳುವುದು ನಮ್ಮಲ್ಲಿ ಕಣ್ಣುಮುಚ್ಚಿ ನಡೆಯುವ ವ್ಯವಹಾರ. ಅಲ್ಲಿ ಒಂದು ಪ್ಯಾರಾ ಮೂಲ ಹೇಳದೆ ಎತ್ತಿಕೊಂಡರೆ ವಿಷಯವೇ ಫೇಲು, ಮರುಕಳಿಸಿದರೆ ಹೊರಗೆ. ಏಳನೇ ಸೆಮಿಸ್ಟರಿನ ಪ್ರಾಜೆಕ್ಟಿನಲ್ಲಾದರೂ ಉಲ್ಲೇಖ ಕೊಡುವುದನ್ನು ಗಂಭೀರವಾಗಿ ಕಲಿಸಿದರೆ, ವಿದೇಶಕ್ಕೆ ಹೋಗದವರಿಗೂ ಒಳ್ಳೆಯದು.

ಕೆಲಸದ ನಿಯಮ: 2024ರ ಮಾರ್ಚಿನಿಂದ ವರ್ಷಕ್ಕೆ 140 ಪೂರ್ಣ ದಿನ ಅಥವಾ 280 ಅರ್ಧ ದಿನ. ಪಾಠ ನಡೆಯುವ ಅವಧಿಯಲ್ಲಿ ವಾರಕ್ಕೆ 20 ಗಂಟೆ ಮೀರಿದರೆ ವಿಮೆಯ ವಿದ್ಯಾರ್ಥಿ ದರ ಕೈಬಿಡುತ್ತದೆ. ಸ್ವಂತ ವ್ಯವಹಾರಕ್ಕೆ ಅನುಮತಿ ಇಲ್ಲ; 'ನೀವೇ ಗುತ್ತಿಗೆದಾರರು' ಎಂದು ಸಹಿ ಹಾಕಿಸಿಕೊಂಡು ಊಟ ಹಂಚಲು ಕಳಿಸುವವರ ಬಗ್ಗೆ ಎಚ್ಚರ ಬೇಕು. ಕನಿಷ್ಠ ವೇತನ 2026ರ ಜನವರಿಯಿಂದ ಗಂಟೆಗೆ 13.90 ಯೂರೊ, ಅದಕ್ಕಿಂತ ಕಡಿಮೆ ನಗದು ಕೊಡುವ ಹೋಟೆಲಿನವರು ನಮ್ಮ ದೇಶದವರೇ ಇದ್ದರೂ ಅದು ಉಪಕಾರವಲ್ಲ.

ವೀಸಾ ಮುಗಿಯುವ ಮೊದಲೇ ವಿದೇಶಿಯರ ಕಚೇರಿಗೆ ಪರವಾನಗಿ ಅರ್ಜಿ ಸೇರಿರಬೇಕು. ಕಾರ್ಡು ಬರುವವರೆಗೆ ಒಂದು ತಾತ್ಕಾಲಿಕ ಚೀಟಿ ಕೊಡುತ್ತಾರೆ. ಅದರಲ್ಲಿ ಜರ್ಮನಿಯ ನಿವಾಸ ಕಾಯ್ದೆಯ 81ನೇ ಕಲಮಿನ 4ನೇ ಉಪಕಲಮಿಗೆ ಗುರುತು ಇದ್ದರೆ ಊರಿಗೆ ಬಂದು ಮರಳಬಹುದು, 3ನೆಯದಕ್ಕೆ ಇದ್ದರೆ ಮರಳಲು ಬಿಡುವುದಿಲ್ಲ. ಅಕ್ಕನ ಮದುವೆಗೆ ಟಿಕೆಟ್ ತೆಗೆಯುವ ಮೊದಲು ನೋಡಬೇಕಾದದ್ದು ಆ ಗುರುತು.

ದಿನದ ಬದುಕು ಇದಕ್ಕೆ ಹೋಲಿಸಿದರೆ ಸುಲಭ. ಭಾನುವಾರ ಅಂಗಡಿ ಮುಚ್ಚಿರುತ್ತದೆ, ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಸದ್ದು ಮಾಡಬಾರದು, ನೀರಿನ ಪ್ಲಾಸ್ಟಿಕ್ ಬಾಟಲಿ ಅಂಗಡಿಗೆ ಹಿಂತಿರುಗಿಸಿದರೆ 25 ಸೆಂಟ್ ವಾಪಸು. ಒಗ್ಗರಣೆಯ ಹೊಗೆ ಮಾತ್ರ ನಗುವ ವಿಷಯವಲ್ಲ: ನಿಲಯದ ಹೊಗೆಗಂಟೆ ಅಗ್ನಿಶಾಮಕ ದಳಕ್ಕೆ ನೇರವಾಗಿ ಜೋಡಿಸಿದ್ದರೆ ಅವರು ಬಂದು ಹೋದ ಖರ್ಚು ವಿದ್ಯಾರ್ಥಿಯ ಮೇಲೆ ಬೀಳಬಹುದು. ಚಳಿಯೆಂದು ಕಿಟಕಿ ಮುಚ್ಚಿಕೊಂಡೇ ಅನ್ನ ಬೇಯಿಸಿ, ಬಟ್ಟೆಯನ್ನೂ ಒಳಗೇ ಒಣಗಿಸಿದರೆ ಗೋಡೆಗೆ ಬೂಷ್ಟು ಹಿಡಿಯುತ್ತದೆ, ಮುಂಗಡ ಹೋಗುತ್ತದೆ. ದಿನಕ್ಕೆರಡು ಬಾರಿ ಐದೈದು ನಿಮಿಷ ಕಿಟಕಿ ಪೂರ್ತಿ ತೆರೆದಿಟ್ಟರೆ ಸಾಕು.

ತಾಯಂದಿರಿಗೂ ಒಂದು ಸೂಚನೆ ಹೋಗಲಿ. ಹಾಲಿನ ಪದಾರ್ಥಕ್ಕೆ ಯುರೋಪಿನ ಗಡಿಯಲ್ಲಿ ಪ್ರವೇಶವಿಲ್ಲ, ಆದ್ದರಿಂದ ತುಪ್ಪ, ಧಾರವಾಡ ಪೇಡ ಬೇಡ. ಹಸಿ ಕರಿಬೇವೂ ಬೇಡ. ತೆಂಗಿನಕಾಯಿಗೆ ಗಡಿಯಲ್ಲಿ ವಿನಾಯಿತಿ ಇದೆ, ಆದರೆ ಒಣಕೊಬ್ಬರಿ ಬೆಂಕಿ ಹತ್ತುವ ವಸ್ತುವೆಂದು ವಿಮಾನದವರೇ ಬಿಡುವುದಿಲ್ಲ. ಗಸಗಸೆಯನ್ನಂತೂ ಡಬ್ಬಿಯ ತಳದಲ್ಲೂ ಇಡಬೇಡಿ: ಬೆಂಗಳೂರಿನಿಂದ ಎಷ್ಟೋ ಮಂದಿ ದುಬೈ ಮೂಲಕ ಹೋಗುತ್ತಾರೆ, ಅಲ್ಲಿ ಅದು ಮಾದಕವಸ್ತು ಕಾನೂನಿನಡಿ ಬರುತ್ತದೆ.

ಡಿಸೆಂಬರಿನಲ್ಲಿ ಸಂಜೆ ನಾಲ್ಕೂವರೆಗೆಲ್ಲ ಕತ್ತಲು. ಪರೀಕ್ಷೆ ಹತ್ತಿರ, ದುಡ್ಡು ಕಡಿಮೆ, ಮನೆಗೆ ಫೋನಿನಲ್ಲಿ 'ಎಲ್ಲಾ ಚೆನ್ನಾಗಿದೆ' ಎನ್ನಬೇಕಾದ ಸಂಕಟ. ವಿದ್ಯಾರ್ಥಿ ಸೇವಾ ಸಂಸ್ಥೆಗಳಲ್ಲಿ ಆಪ್ತಸಲಹೆ ಉಚಿತ, ಇಂಗ್ಲಿಷಿನಲ್ಲೂ ಹಲವು ಕಡೆ ಸಿಗುತ್ತದೆ. ವಿಶ್ವವಿದ್ಯಾಲಯಕ್ಕೆ ವಿಷಯ ತಿಳಿಯುವುದಿಲ್ಲ. ತುರ್ತಿಗೆ 112, ರಾತ್ರಿ ಅಥವಾ ರಜೆಯ ದಿನ ವೈದ್ಯರು ಬೇಕಾದರೆ 116117. ಫ್ರಾಂಕ್‌ಫರ್ಟ್ ಕಡೆ ರೈನ್-ಮೈನ್ ಕನ್ನಡ ಸಂಘ, ಮ್ಯೂನಿಕ್ಕಿನಲ್ಲಿ ಸಿರಿಗನ್ನಡ ಕೂಟ ಇವೆ. ರಾಜ್ಯೋತ್ಸವದ ಊಟಕ್ಕಷ್ಟೇ ಅಲ್ಲ, ಮೊದಲ ತಿಂಗಳಲ್ಲೇ ಪರಿಚಯ ಮಾಡಿಕೊಳ್ಳುವುದು ಒಳ್ಳೆಯದು. ಆದರೆ ಕನ್ನಡ, ತೆಲುಗು, ಹಿಂದಿ ಗುಂಪಿನೊಳಗೇ ಎರಡು ವರ್ಷ ಕಳೆದವರಿಗೆ ಜರ್ಮನ್ ಬರುವುದಿಲ್ಲ, ಜರ್ಮನ್ ಇಲ್ಲದೆ 18 ತಿಂಗಳಲ್ಲಿ ಕೆಲಸ ಸಿಗುವುದು ಸಾಫ್ಟ್‌ವೇರಿನಲ್ಲೂ ಈಗ ಕಷ್ಟವಾಗುತ್ತಿದೆ. ಹೊರಡುವ ಮೊದಲು ಜರ್ಮನ್ ಭಾಷೆಯಲ್ಲಿ ಎ2 ಮಟ್ಟ (ಸರಳ ಮಾತುಕತೆಯಷ್ಟು), ಮೊದಲ ವರ್ಷದ ಕೊನೆಗೆ ಅದರ ಮೇಲಿನ ಬಿ1 ಮಟ್ಟ ಗುರಿಯಿರಲಿ. ಇಂಗ್ಲಿಷ್ ಮಾಧ್ಯಮದ ಕೋರ್ಸಿಗೆ ಜರ್ಮನ್ ಬೇಡವೆಂಬುದು ಪ್ರವೇಶದ ಮಟ್ಟಿಗೆ ಮಾತ್ರ ನಿಜ.

ಇಷ್ಟನ್ನೂ ಹನ್ನೆರಡು ಗಂಟೆಯಲ್ಲಿ ಹೇಳಿ ಮುಗಿಸಬಹುದು. ಏಳನೇ ಸೆಮಿಸ್ಟರಿನಲ್ಲಿ, ಶನಿವಾರಗಳಂದು, ಮೂರು ಗಂಟೆಯ ನಾಲ್ಕು ತರಗತಿ: ಒಂದು ದಾಖಲೆಗೆ, ಒಂದು ಹಣ ಮತ್ತು ಮನೆಗೆ, ಎರಡು ಪೂರ್ತಿಯಾಗಿ ಪರೀಕ್ಷಾ ಪದ್ಧತಿಗೆ. ಹಳೆಯ ವಿದ್ಯಾರ್ಥಿಗಳು ವಿಡಿಯೊ ಮೂಲಕ ಪಾಠ ಮಾಡಲು ಸಿದ್ಧರಿದ್ದಾರೆ, ಸಂಭಾವನೆ ಬೇಡ. ಕರ್ನಾಟಕಕ್ಕೂ ಬವೇರಿಯಾ ರಾಜ್ಯಕ್ಕೂ 2007ರಿಂದ ಸಹಭಾಗಿತ್ವದ ಒಪ್ಪಂದವಿದೆ. ಅದರಡಿ ಅಲ್ಲಿನ ವಿಶ್ವವಿದ್ಯಾಲಯಗಳ ಅಂತರರಾಷ್ಟ್ರೀಯ ಕಚೇರಿಯವರನ್ನೇ ವರ್ಷಕ್ಕೊಮ್ಮೆ ಕೂರಿಸಿ ಮಾತಾಡಿಸುವುದು ಸಚಿವಾಲಯಕ್ಕೆ ಕಷ್ಟವಾಗಬಾರದು. ನಡೆಸುವುದು ಬೆಂಗಳೂರಿನಲ್ಲಿ ಮಾತ್ರ ಬೇಡ; ಬೆಳಗಾವಿ, ಕಲಬುರಗಿ, ಮೈಸೂರು ಪ್ರಾದೇಶಿಕ ಕೇಂದ್ರಗಳಲ್ಲೂ ಆಗಲಿ.

ಟ್ರಾನ್ಸ್‌ಕ್ರಿಪ್ಟಿನ ಎರಡು ಸಾಲು, ಹೆಸರಿನ ಪ್ರಮಾಣಪತ್ರ, ಪಠ್ಯಕ್ರಮದ ಶಾಶ್ವತ ಕೊಂಡಿ, ಈ ಮೂರು ಜನವರಿಯೊಳಗೆ ಆದರೆ ಮುಂದಿನ ಜುಲೈ 15ರ ಗಡುವಿಗೆ ಅರ್ಜಿ ಹಾಕುವವರಿಗೆ ಉಪಯೋಗಕ್ಕೆ ಬರುತ್ತದೆ. ಮಾದರಿ ಟ್ರಾನ್ಸ್‌ಕ್ರಿಪ್ಟ್ ಹಾಳೆಯ ಕರಡು ನಮ್ಮಲ್ಲಿ ಸಿದ್ಧವಿದೆ. ಯಾವ ಕಚೇರಿಗೆ, ಯಾರ ಹೆಸರಿಗೆ ಕಳುಹಿಸಬೇಕೆಂದು ದಯವಿಟ್ಟು ತಿಳಿಸಿ.

ವಿಶ್ವಾಸದಿಂದ,
ಜರ್ಮನಿಯಲ್ಲಿ ಓದುತ್ತಿರುವ ಮತ್ತು ಓದಿ ಮುಗಿಸಿರುವ ಕೆಲವು ಕನ್ನಡಿಗರು